ಒಂದು ಅರ್ಜಿಗೆ ಒಂದೇ ತಿದ್ದುಪಡಿ

ಲೋಕದಲ್ಲಿ ಹೆಂಡತಿಗೆ ಹೆದರದ ಗಂಡ ಇಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ನನ್ನ ಹೆದರಿಕೆಗೆ ಸರ್ಕಾರದ ಮುದ್ರೆಯೇ ಬಿದ್ದಿದೆ. ನನ್ನ ಹೆಂಡತಿ ಸೇನಾ ಆಸ್ಪತ್ರೆಗೆ ನರ್ಸಾಗಿ ಸೇರಿ, ಮೇಜರ್ ಆಗಿ ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಅವಳ ಕೈಕೆಳಗೆ ಕಿರಿಯ ನರ್ಸುಗಳು, ವಾರ್ಡಿನ ಸಹಾಯಕರು, ಹಾಸಿಗೆಯಿಂದ ಏಳಲಾಗದ ರೋಗಿಗಳು ಎಲ್ಲ ಇದ್ದರು. ನಿವೃತ್ತಿಯ ಮರುದಿನದಿಂದ ಅಷ್ಟೂ ಜನರ ಸ್ಥಾನವನ್ನು ನಾನೊಬ್ಬನೇ ತುಂಬುತ್ತಿದ್ದೇನೆ.

ಬೆಳಿಗ್ಗೆ ಎದ್ದರೆ ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಬೇಕು. (ನಾನು ಮಡಚಿದ್ದು ಯಾವಾಗಲೂ ಯಾರೋ ಆತುರದಲ್ಲಿ ಹರಿದು ಓದಿದ ಲಕೋಟೆಯ ಹಾಗಿರುತ್ತದೆ.) ಆಮೇಲೆ ಅಡುಗೆಮನೆಯ ತಪಾಸಣೆ, ಬಚ್ಚಲಿನ ತಪಾಸಣೆ, ಕೊನೆಗೆ ನನ್ನ ಉಗುರುಗಳ ತಪಾಸಣೆ. ನೆಗಡಿಯಾಗಿ ನಾಲ್ಕು ಸಲ ಸೀನಿದರೆ ಬೇರೆ ಮನೆಗಳಲ್ಲಿ "ಅಯ್ಯೋ ಪಾಪ" ಅನ್ನುತ್ತಾರಂತೆ. ನಮ್ಮಲ್ಲಿ ಥರ್ಮಾಮೀಟರ್ ಬಾಯಿಗೆ ಬರುತ್ತದೆ, ನಾನು ಬಾಯಿಬಿಟ್ಟು ಹೇಳಿಕೊಳ್ಳುವ ಹಾದಿಯೂ ಮುಚ್ಚಿಹೋಗುತ್ತದೆ.

ಇಂಥ ಮೇಜರ್ ಸಾಹೇಬರು ಒಂದು ದಿನ ಸುಳ್ಳು ಹೇಳಿದರು. ಈ ಕಥೆ ಶುರುವಾಗುವುದೇ ಅಲ್ಲಿಂದ.

ಅವಳ ಹಳೆಯ ಆಸ್ಪತ್ರೆಯವರೆಲ್ಲ ವರ್ಷಕ್ಕೊಂದು ಮಧ್ಯಾಹ್ನ ಸೇರುತ್ತಾರೆ. ಎಲ್ಲರೂ ಕೋಟಿನ ಎದೆಯ ಮೇಲೆ ತಮ್ಮ ತಮ್ಮ ಪದಕಗಳನ್ನು ಹಾಕಿಕೊಂಡು ಹೋಗುವುದು ವಾಡಿಕೆ. ಈ ಸಲದ ಆಮಂತ್ರಣದಲ್ಲಿ "ಕುಟುಂಬ ಸಮೇತ" ಎಂದೂ ಅಚ್ಚಾಗಿತ್ತು. ಇಷ್ಟು ವರ್ಷ ಸೈನಿಕರಿಗೆ ಮಾತ್ರ ಇದ್ದ ಊಟ ನನ್ನ ಪಾಲಿಗೂ ಬಂತಲ್ಲ ಎಂದು ನಾನು ಹಿಗ್ಗಿ, ಹಳೆಯ ಟೈ ಹುಡುಕಲು ಹೊರಟೆ.

"ಹುಡುಕ್ಬೇಡಿ. ನಾನು ಈ ವರ್ಷ ಹೋಗಲ್ಲ," ಅಂದಳು.

"ಯಾಕೆ?"

"ಮೊಣಕಾಲು ನೋವು."

ನನಗೆ ನಂಬಿಕೆ ಬರಲಿಲ್ಲ. ಹಿಂದಿನ ದಿನವಷ್ಟೇ ಅದೇ ಮೊಣಕಾಲು ಊರಿಕೊಂಡು ಮಂಚದ ಕೆಳಗೆ ನುಗ್ಗಿ, ನಾನು ಗುಡಿಸದೆ ಬಿಟ್ಟಿದ್ದ ಧೂಳನ್ನು ಬೆರಳ ತುದಿಯಲ್ಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದಿದ್ದಳು.

ನಿಜಸಂಗತಿ ಗೊತ್ತಾಗಿದ್ದು ನನ್ನ ಅಂಗಡಿಯಲ್ಲಿ. ನನ್ನದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಊರಿನವರ ಮದುವೆಗಳಿಗೆ, ಪದವಿಗಳಿಗೆ, ಗತಿಸಿದ ಅಜ್ಜಂದಿರಿಗೆ ಗಾಜು ಹಾಕಿ ಗೋಡೆಗೇರಿಸುವ ಮಹತ್ಕಾರ್ಯ. ಅಲ್ಲಿಗೆ ಹೆಂಡತಿಯ ಕಿರಿಯ ಗೆಳತಿ ತನ್ನ ಪದಕಗಳಿಗೆ ಗಾಜಿನ ಪೆಟ್ಟಿಗೆ ಮಾಡಿಸಲು ಬಂದಳು. ಆಪರೇಷನ್ ಕೊಠಡಿಯಲ್ಲಿ ಇದ್ದವಳು. ಡಾಕ್ಟರು ಕೇಳುವ ಮೊದಲೇ ಕತ್ತರಿ ಕೊಡುತ್ತಿದ್ದಳೆಂದು ಎಲ್ಲರ ಬಾಯಲ್ಲೂ "ಕತ್ತರಿ" ಆಗಿದ್ದಾಳೆ. ನನ್ನ ಹೆಂಡತಿ ಅವಳಿಗೆ ಅಕ್ಕ, ಹಾಗಾಗಿ ನಾನು ಭಾವ.

"ಅಕ್ಕ ನಿಮಗೆ ಏನೂ ಹೇಳ್ಲಿಲ್ವಾ ಭಾವ?" ಅಂದಳು. "ಹೋದ ವರ್ಷ ಬಾಗಿಲಲ್ಲಿ ಒಬ್ಬ ಎಳೇ ಕ್ಯಾಪ್ಟನ್ ಪಟ್ಟಿ ಹಿಡ್ಕೊಂಡು ನಿಂತಿದ್ದ. ಹೊಸ ನಿಯಮ ಅಂತೆ. ಯಾರ್ಯಾರ ಎದೆ ಮೇಲೆ ಏನೇನಿದೆ ಅಂತ ದಾಖಲೆ ಜೊತೆ ತಾಳೆ ನೋಡ್ತಿದ್ದ. ಅಕ್ಕನ್ನ ನಿಲ್ಲಿಸಿ, 'ಮೇಡಂ, ಇವೆರಡು ನಿಮ್ಮ ದಾಖಲೆಯಲ್ಲಿಲ್ಲ, ದಯವಿಟ್ಟು ತೆಗೀರಿ' ಅಂದ."

"ನಿಮ್ಮಕ್ಕ ಅವನನ್ನ ಸುಮ್ನೆ ಬಿಟ್ಲಾ?"

"ಒಂದು ಮಾತೂ ಆಡ್ಲಿಲ್ಲ ಭಾವ. ತಾವೇ ಪಿನ್ನು ಬಿಚ್ಚಿ ಕೈಚೀಲಕ್ಕೆ ಹಾಕ್ಕೊಂಡ್ರು. ಆಮೇಲೆ ಪೂರ್ತಿ ಹೊತ್ತು ಹಿಂದಿನ ಸಾಲಲ್ಲಿ ಆ ಕೈಚೀಲ ಎದೆಗವಚಿಕೊಂಡು ಕೂತಿದ್ರು."

ಆ ಎರಡು ಪದಕಗಳು ಯಾವುವೆಂದು ನನಗೆ ಗೊತ್ತು. ಒಂದು, ಹಿಮದ ಗಡಿಯಲ್ಲಿ ಸೇವೆ ಮಾಡಿದ್ದಕ್ಕೆ. ಇನ್ನೊಂದು, ಅಲ್ಲಿ ಹಿಮ ಕುಸಿದು ಆಸ್ಪತ್ರೆಯ ಡೇರೆ ಅರ್ಧ ಹೂತುಹೋದಾಗ, ಗಾಯಾಳುಗಳನ್ನು ಬಿಟ್ಟು ಬಾರದೆ ಅಲ್ಲೇ ಉಳಿದಿದ್ದಕ್ಕೆ. ಸಲೈನ್ ಬಾಟಲಿಗಳು ಹೆಪ್ಪುಗಟ್ಟದಿರಲಿ ಎಂದು ತನ್ನ ಕೋಟಿನೊಳಗೆ ಮೈಗೆ ಒತ್ತಿ ಇಟ್ಟುಕೊಂಡಿದ್ದಳಂತೆ. ಅಲ್ಲಿನ ಕರ್ನಲ್ಲು ಸ್ವತಃ ಬಂದು ಅವಳ ಕೋಟಿಗೆ ಚುಚ್ಚಿದ ಪದಕ ಅದು. ಅದನ್ನು ಕದ್ದ ಮಾಲಿನ ಹಾಗೆ ಬಿಚ್ಚಿಸಿದರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಗಾಜನ್ನು ಅಳತೆ ತಪ್ಪಿ ಕೊಯ್ದೆ. ಯಾರದೋ ಅಜ್ಜ ಆ ವಾರ ಗೋಡೆಗೆ ಏರಲಿಲ್ಲ.

ದಾಖಲೆ ತಿದ್ದಿಸಿಯೇ ತೀರುತ್ತೇನೆ ಎಂದು ಅಂದೇ ಪ್ರತಿಜ್ಞೆ ಮಾಡಿದೆ. (ಮನಸ್ಸಿನಲ್ಲಿ. ನಮ್ಮ ಮನೆಯಲ್ಲಿ ನನ್ನ ಪ್ರತಿಜ್ಞೆಗಳಿಗೆ ಅಲ್ಲಿ ಮಾತ್ರ ಜಾಗ.) ಸೇನೆಯ ದಾಖಲೆ ಕಚೇರಿಗೆ ಗುಟ್ಟಾಗಿ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತ ನನ್ನ ಆವೇಶವನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು, "ಪದಕ ನಿಮ್ದಾ?" ಅಂದ.

"ಅಲ್ಲ, ನನ್ನ ಹೆಂಡತೀದು."

"ಹಾಗಾದ್ರೆ ಆವೇಶಾನೂ ಅವರದ್ದೇ ಇರ್ಬೇಕು. ಅವರ ಸಹಿ ಹಾಕಿಸ್ಕೊಂಡು ಬನ್ನಿ."

ಅಲ್ಲಿಗೆ ನನ್ನ ಆವೇಶ ಇಳಿಯಿತು. ಮೇಜರ್ ಸಾಹೇಬರು ಓದದೆ ಸಹಿ ಹಾಕಿದ್ದು ಇತಿಹಾಸದಲ್ಲಿಲ್ಲ. ಹಾಲಿನವನ ಚೀಟಿಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ. ಆದರೂ ಧೈರ್ಯ ಮಾಡಿ ಅರ್ಜಿಯನ್ನು ಬರೆದು, ವಿದ್ಯುತ್ ಕಚೇರಿಯ ಕಾಗದಗಳ ನಡುವೆ ಸೇರಿಸಿ ಮುಂದಿಟ್ಟೆ. ಅವಳು ಕನ್ನಡಕ ಏರಿಸಿದಳು.

"ಏನ್ರೀ ಇದು? 'ಹಿಮಾಚ್ಛಾದಿತ ಶಿಖರಗಳ ಮಡಿಲಲ್ಲಿ, ಕರ್ತವ್ಯವೆಂಬ ಹಣತೆಯನ್ನು ಹೊತ್ತಿಸಿದ ವೀರವನಿತೆ...' ವಿದ್ಯುತ್ ಇಲಾಖೆಯವರು ಯಾವಾಗಿಂದ ಹೀಗೆ ಬರೀತಾರೆ?"

ನಾನು ನಾಲಿಗೆ ಕಚ್ಚಿಕೊಂಡೆ. ತಪ್ಪಿಸಿಕೊಳ್ಳುವ ದಾರಿ ಕಾಣದೆ ಎಲ್ಲವನ್ನೂ ಒಪ್ಪಿಸಿದೆ. ಗುಡುಗು ಸಿಡಿಲು ಬರುತ್ತದೆಂದು ತಲೆ ತಗ್ಗಿಸಿ ಕಾದೆ. ಏನೂ ಬರಲಿಲ್ಲ. ತಲೆ ಎತ್ತಿ ನೋಡಿದರೆ ಅವಳು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದ್ದಳು.

"ಪಿನ್ನು ಬಿಚ್ಚುವಾಗ ಕೈ ನಡುಗಲಿಲ್ಲ ನಂಗೆ," ಅಂದಳು. "ಆದರೆ ಎಲ್ಲರೂ ನೋಡ್ತಿದ್ರು. ಇಷ್ಟು ವರ್ಷ ಸುಳ್ಳು ಪದಕ ಹಾಕ್ಕೊಂಡು ಓಡಾಡಿದ್ಲು ಅಂತ ಅಂದ್ಕೊಂಡಿರ್ತಾರೆ. ಅದಕ್ಕೇ ಹೋಗಲ್ಲ ಅಂದೆ. ಬೇಡೋದಕ್ಕೆ ನನಗೆ ಬರಲ್ಲ."

"ಬೇಡೋದು ಯಾಕೆ? ನಿನ್ನದನ್ನ ನೀನು ಕೇಳ್ತಿದೀಯ. ನಾನೂ ಜೊತೆಗೆ ಬರ್ತೀನಿ."

"ನೀವು ಬಂದ್ರೆ ಸರಿ. ಬಾಯಿ ಮಾತ್ರ ಬಿಡಬಾರದು," ಅಂದಳು. ಕೆಂಪು ಪೆನ್ಸಿಲು ತೆಗೆದು ನನ್ನ ಹಣತೆಯನ್ನು ಆರಿಸಿ, ಶಿಖರಗಳನ್ನು ನೆಲಸಮ ಮಾಡಿ, ಮೂರು ಸಾಲಿನ ಅರ್ಜಿ ಬರೆದು ಸಹಿ ಹಾಕಿದಳು. ನನಗೆ ಹೊಟ್ಟೆಕಿಚ್ಚಾಯಿತು, ಆದರೆ ಅದರಲ್ಲಿ ವಿಷಯವೆಲ್ಲ ಇತ್ತು.

ಗುಮಾಸ್ತ ಕಡತ ಹುಡುಕಿ ಕಾರಣ ಕಂಡುಹಿಡಿದ. ಆ ಚಳಿಗಾಲದಲ್ಲಿ ಹಿಮದ ಗಡಿಯಿಂದ ಬರಬೇಕಿದ್ದ ಟಪಾಲು ಚೀಲವೊಂದು ದಾರಿಯಲ್ಲೇ ಹಿಮದ ಪಾಲಾಗಿತ್ತು. ಅದರಲ್ಲಿದ್ದ ಯಾವ ಸುದ್ದಿಯೂ ದಾಖಲೆಗೆ ಏರಿರಲಿಲ್ಲ. ಜೊತೆಯಲ್ಲಿದ್ದವರ ಹೇಳಿಕೆ ಬೇಕೆಂದ. ಆ ಚಳಿಗಾಲ ಅಲ್ಲೇ ಇದ್ದ ಕತ್ತರಿ ಒಂದು ಹೇಳಿಕೆ ಬರೆದುಕೊಟ್ಟಳು. ನಿವೃತ್ತ ಕರ್ನಲ್ಲು ನಡುಗುವ ಅಕ್ಷರದಲ್ಲಿ ಇನ್ನೊಂದು ಬರೆದು ಕಳಿಸಿದರು. ಅವುಗಳನ್ನು ಕೊಡಲು ಹೋದ ದಿನ ನನ್ನನ್ನು ಝೆರಾಕ್ಸ್ ಅಂಗಡಿಗೆ ಅಟ್ಟಿದರು. ಹಿಂತಿರುಗಿದಾಗ ಗುಮಾಸ್ತನೂ ಹೆಂಡತಿಯೂ ಕಡತದ ಮೇಲೆ ಬಗ್ಗಿ ಏನೋ ಪಿಸುಗುಟ್ಟುತ್ತಿದ್ದರು, ನನ್ನನ್ನು ಕಂಡು ನಿಲ್ಲಿಸಿದರು. (ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅನುಮಾನ ಪಡುವ ಖಾತೆ ನಮ್ಮ ಮನೆಯಲ್ಲಿ ನನ್ನದಲ್ಲ.)

ಆಮೇಲೆ ಕಾಯುವ ಕೆಲಸ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ನಾವಿಬ್ಬರೂ ಬಾಗಿಲಿಗೆ ಓಡಿ, ಪರಸ್ಪರ ನೋಡಿ, ಕಸ ಹಾಕಲು ಬಂದವರ ಹಾಗೆ ನಟಿಸುತ್ತಿದ್ದೆವು. ಆ ದಿನಗಳಲ್ಲಿ ನನ್ನ ಉಗುರುಗಳ ತಪಾಸಣೆಯೂ ನಿಂತುಹೋಗಿತ್ತು. ನನಗದು ಹಿತವಾಗಬೇಕಿತ್ತು, ಬದಲಿಗೆ ಹೆದರಿಕೆಯಾಯಿತು.

ಕೊನೆಗೂ ಕಾಗದ ಬಂತು. ಅವಳು ನಿಂತೇ ಓದಿದಳು, ಮತ್ತೆ ಓದಿದಳು, ಕುರ್ಚಿಯಲ್ಲಿ ಕೂತಳು.

"ಎರಡೂ ಸೇರಿಸಿದ್ದಾರೆ ಕಣ್ರೀ," ಅಂದಳು. ಅವಳ ಧ್ವನಿ ಅಷ್ಟು ಮೆತ್ತಗೆ ಕೇಳಿಸಿದ್ದು ಮಗಳು ಹುಟ್ಟಿದ ದಿನವೇ ಕೊನೆ. ನನಗೆ ಹೋದ ಜೀವ ಬಂದಂತಾಯಿತು. ಅವಳಿಗೆ ಕಾಣದಿರಲೆಂದು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತು, ಮುಖ ತೊಳೆದುಕೊಂಡು ಬಂದೆ. "ನಲ್ಲಿ ನಿಲ್ಲಿಸಿದ್ರಾ?" ಅಂದಳು. ನಿಲ್ಲಿಸಿರಲಿಲ್ಲ.

ಸಮಾರಂಭದ ದಿನ ಮೇಜರ್ ಸಾಹೇಬರ ಎದೆಯ ಮೇಲೆ ಪದಕಗಳ ಸಾಲು ಪೂರ್ತಿಯಾಗಿ ಹೊಳೆಯುತ್ತಿತ್ತು. ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ಅದೇನ್ರೀ ಟೈ? ಕತ್ತಿಗೆ ಬ್ಯಾಂಡೇಜು ಸುತ್ತಿದ ಹಾಗಿದೆ. ಬೂಟಿಗೆ ಪಾಲಿಶ್ ಹಾಕಿ ಅಂದಿದ್ದೆ. ಎಡಗಾಲಿಗೆ ಹಾಕಿ ಬಲಗಾಲನ್ನ ಮರೆತಿದೀರ. ಬೆನ್ನು ನೆಟ್ಟಗೆ ಮಾಡಿ. ಹೊಟ್ಟೆ ಒಳಗೆ. ಒಳಗೆ ಅಂದ್ನಲ್ಲ? ಊಟಕ್ಕೆ ಕೂತಾಗ ಮೊದಲೇ ಕೈ ಹಾಕಬೇಡಿ. ಕರ್ನಲ್ ಸಾಹೇಬರ ಎದುರು ನಿಮ್ಮ ಆ ಅಜ್ಜಂದಿರ ಜೋಕು ಹೇಳ್ಬೇಡಿ..."

ಸಾಲು ಮುಂದೆ ಸರಿಯುವವರೆಗೂ ಇದು ನಡೆಯಿತು. ಗೇಟಿನ ಕಾವಲಿಗಿದ್ದ ವಯಸ್ಸಾದ ಸಿಪಾಯಿ ಕಣ್ಣು ಮಿಟುಕಿಸದೆ ಕೇಳಿಸಿಕೊಳ್ಳುತ್ತಿದ್ದ. ನಾನು ಟೈ ಹಿಡಿದುಕೊಂಡು ನಿಂತಿದ್ದೆ.

ಬಾಗಿಲಲ್ಲಿ ಹೋದ ವರ್ಷದ ಅದೇ ಕ್ಯಾಪ್ಟನ್ ಇದ್ದ. ಪಟ್ಟಿ ನೋಡಿದ, ಪದಕ ನೋಡಿದ, ಒಂದೊಂದಾಗಿ ತಾಳೆ ಹಾಕಿದ. ಕೊನೆಗೆ ಪಟ್ಟಿ ಕೆಳಗಿಟ್ಟು, ನೆಟ್ಟಗೆ ನಿಂತು, ಟಪ್ಪೆಂದು ಸೆಲ್ಯೂಟ್ ಹೊಡೆದು, "ಹೋದ ವರ್ಷದ್ದಕ್ಕೆ ಕ್ಷಮಿಸ್ಬೇಕು ಮೇಡಂ," ಅಂದ. ಅವಳು ಸೆಲ್ಯೂಟ್ ಹಿಂತಿರುಗಿಸಿದಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು. ನಾನೂ ಅವಳ ಹಿಂದೆ ಗಂಭೀರವಾಗಿ ಹೆಜ್ಜೆ ಇಟ್ಟೆ.

"ಸಾರ್, ನೀವು?"

"ಗಂಡ," ಅಂದೆ, ಸಕಲ ಗಾಂಭೀರ್ಯದಿಂದ.

ಕ್ಯಾಪ್ಟನ್ ಪಟ್ಟಿ ನೋಡಿದ. ಹಾಳೆ ತಿರುಗಿಸಿ ಮತ್ತೆ ನೋಡಿದ. "ಮೇಡಂ ದಾಖಲೆಯಲ್ಲಿ ಗಂಡ ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಮಗಳು ಒಬ್ಬರಿದ್ದಾರೆ. ಅವರು ಬಂದಿದ್ರೆ ಬಿಡಬಹುದಿತ್ತು."

"ಆ ಮಗಳಿಗೆ ಅಪ್ಪ ನಾನೇ ಕಣಯ್ಯಾ!"

"ಅದನ್ನ ಇಲ್ಲಿ ಬರೆದಿಲ್ಲ ಸಾರ್," ಅಂದ, ಪಾಪ, ಬಹಳ ವಿನಯದಿಂದ.

ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಕೆಮ್ಮಿದರು. ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಪದಕಗಳನ್ನು ಸರಿಮಾಡಿಕೊಳ್ಳುತ್ತಿದ್ದಳು. ಅವು ಸರಿಯಾಗಿಯೇ ಇದ್ದವು.

"ನಾವು ಮದುವೆ ಆಗಿದ್ದು ಅದೇ ಚಳಿಗಾಲ ಅಲ್ವೇನ್ರೀ," ಅಂದಳು. "ರಜೆ ಹಾಕಿ ಬಂದು ನಿಮ್ಮನ್ನ ಮದುವೆಯಾಗಿ ವಾಪಸ್ ಗಡಿಗೆ ಹೋದೆ. ಆ ಸುದ್ದೀನೂ ಅದೇ ಚೀಲದಲ್ಲಿತ್ತು."

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ನೀವು ಝೆರಾಕ್ಸಿಗೆ ಹೋದಾಗ ಗುಮಾಸ್ತ ತೋರಿಸಿದ. ಒಂದು ಅರ್ಜಿಗೆ ಒಂದೇ ತಿದ್ದುಪಡಿ ಅಂತೆ. ಪದಕಗಳೆರಡೂ ಸೇರಿ ಒಂದು, ಗಂಡ ಇನ್ನೊಂದು. ಪದಕಾನಾ, ಗಂಡಾನಾ ಅಂತ ಕೇಳಿದ."

"ನೀನೇನಂದೆ?"

"ಪದಕ ಬೇಕೇ ಬೇಕು ಅಂತ ಹಟ ಹಿಡಿದಿದ್ದು ನೀವೇ ತಾನೆ?"

ನಾನು ಟೈ ಸಡಿಲಿಸಿದೆ. ಅವಳ ಮುಖ ಸ್ವಲ್ಪ ಬಾಡಿತು. "ಕುಟುಂಬದವರನ್ನೂ ತಾಳೆ ನೋಡ್ತಾರೆ ಅಂತ ಗೊತ್ತಿರ್ಲಿಲ್ಲ ಕಣ್ರೀ. ನೀವು ಹೊರಗಿದ್ರೆ ನಾನೂ ಒಳಗೆ ಹೋಗಲ್ಲ," ಅಂದಳು.

"ನಡಿ ಒಳಗೆ!" ಅಂದೆ. ನಮ್ಮ ದಾಂಪತ್ಯದಲ್ಲಿ ನಾನು ಕೊಟ್ಟ ಮೊದಲ ಆಜ್ಞೆ ಅದು. ಅವಳು ಪಾಲಿಸಿಯೂಬಿಟ್ಟಳು, ನಾನೇ ಬೆಚ್ಚಿಬಿದ್ದೆ.

ಸಿಪಾಯಿ ತನ್ನ ಬೆಂಚಿನ ಮೇಲೆ ಜಾಗ ಕೊಟ್ಟ. ಅಲ್ಲಿಂದ ಕಿಟಕಿಯೊಳಗೆ ಕಾಣುತ್ತಿತ್ತು. ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕರ್ನಲ್ಲು ಕೋಲೂರಿಕೊಂಡು ಬಂದು ಅವಳ ಕೈ ಕುಲುಕಿದರು, ಕತ್ತರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು, ನನ್ನ ಹೆಂಡತಿ ಬಾಯಿ ತುಂಬ ನಕ್ಕಳು. ಒಳಗಿಂದ ಊಟದ ಘಮ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಹೋದ ವರ್ಷದಿಂದ ನಮ್ಮ ಮನೆಯ ಮೇಲೆ ಕೂತಿದ್ದ ಭಾರವೊಂದು ಇಳಿದುಹೋದಂತೆ ನನಗೆ ಹಗುರವಾಯಿತು.

ಸ್ವಲ್ಪ ಹೊತ್ತಿಗೆ ಅವಳೂ ಕತ್ತರಿಯೂ ಹೊರಗೆ ಬಂದರು. ಒಬ್ಬಳ ಕೈಯಲ್ಲಿ ನನಗೊಂದು ತಟ್ಟೆ, ಇನ್ನೊಬ್ಬಳ ಕೈಯಲ್ಲಿ ಕ್ಯಾಪ್ಟನ್ನಿಂದ ಇಸಿದುಕೊಂಡ ಹೊಸ ಅರ್ಜಿ. ಹೆಂಡತಿ ಅಲ್ಲೇ ಬೆಂಚಿನ ಮೇಲೆ ಅದನ್ನು ತುಂಬಿದಳು. ನಾವು ಗಂಡಹೆಂಡತಿಯೆಂದು ಹೇಳಲು ಇಬ್ಬರು ಸಾಕ್ಷಿ ಬೇಕಿತ್ತು. ಕತ್ತರಿ ನಗುತ್ತಾ ಸಹಿ ಹಾಕಿದಳು.

"ಇನ್ನೊಬ್ಬರು ಯಾರು?" ಅಂದಳು ಮೇಜರ್.

"ನಾನು ಹಾಕ್ತೀನಿ ಮೇಡಂ," ಅಂದ ಸಿಪಾಯಿ. "ಸಾಲಲ್ಲಿ ನೀವು ಇವರಿಗೆ ಬೈದಿದ್ದನ್ನ ಪೂರ್ತಿ ಕೇಳಿಸ್ಕೊಂಡಿದೀನಿ. ಕೆಲಸದವನಾಗಿದ್ರೆ ಅರ್ಧಕ್ಕೇ ಬಿಟ್ಟು ಹೋಗ್ತಿದ್ದ. ರೋಗಿಯಾಗಿದ್ರೆ ಎದ್ದು ಓಡ್ತಿದ್ದ. ಇವರು ಟೈ ಹಿಡ್ಕೊಂಡು ನಿಂತೇ ಇದ್ರು. ಗಂಡನೇ, ಅನುಮಾನವೇ ಇಲ್ಲ."

"ಸಾಕ್ಷ್ಯ ಬಲವಾಗಿದೆ," ಎಂದು ಮೇಜರ್ ಸಾಹೇಬರು ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ತಟ್ಟೆ ಹಿಡಿದ ರೀತಿ ಸರಿಯಿಲ್ಲವೆಂದು ಶುರುಮಾಡಿದರು. ನಾನು ಪಿಟ್ಟೆನ್ನದೆ ನಿಂತೆ. ಸಿಪಾಯಿ ತನ್ನ ಸಾಕ್ಷ್ಯವನ್ನು ಇನ್ನೂ ಬರೆಯುತ್ತಿದ್ದ. ಪುರಾವೆ ಎಷ್ಟು ಸಿಕ್ಕರೂ ಒಳ್ಳೆಯದೇ.