ಡಾಕ್ಟರ್ ಮುಂದ ಮುಚ್ಚಿಡಬಾರ್ದು

ತಪ್ಪು ಲಗಮಣ್ಣನದಲ್ಲ, ಕಾಕಾಸಾಹೇಬ ಡಾಕ್ಟರದು. ನಲವತ್ತು ವರ್ಷ ಅಕ್ಕೋಳ ಊರಿಗೆಲ್ಲ ಅವರೊಬ್ಬರೇ ಡಾಕ್ಟರು. ಹೊರಸಿನ ಅಂಚಿಗೆ ಕೂತು, ಕೈ ಹಿಡಿದು, "ಡಾಕ್ಟರ್ ಮುಂದ ಏನೂ ಮುಚ್ಚಿಡಬಾರ್ದು, ಎಲ್ಲಾ ಹೇಳು" ಎನ್ನುತ್ತಿದ್ದರು. ಹೊಟ್ಟೆನೋವಿನಿಂದ ಸೊಸೆಯ ಸಿಟ್ಟಿನವರೆಗೆ ಎಲ್ಲ ಕೇಳಿ, ಕಾಗದದ ಗುರುತು ಅಂಟಿಸಿದ ಬಾಟ್ಲಿಯಲ್ಲಿ ಕೆಂಪು ಔಷಧ ಕೊಡುತ್ತಿದ್ದರು. ಆ ಕಹಿ ನೆನೆದರೆ ಲಗಮಣ್ಣನಿಗೆ ಈಗಲೂ ಜೀವ ಹಿಗ್ಗುತ್ತದೆ.

ಇವತ್ತು ಸಂಜೆ ಊರಲ್ಲಿ ಅವರಿಗೆ ಸತ್ಕಾರ. ತಲೆಗೆ ಫೇಟಾ ಸುತ್ತುವ ಮಾನ ಲಗಮಣ್ಣನದು. ಅವನೋ ಫ್ಲೂ ಜ್ವರಕ್ಕೆ ನಿಪ್ಪಾಣಿಯ ಆಸ್ಪತ್ರೆ ಸೇರಿ ಮೂರು ದಿನವಾಗಿತ್ತು. ಎಲ್ಲೆಡೆ ಜ್ವರದವರೇ ತುಂಬಿ, ಇವನಿಗೆ ಎಲುಬಿನ ವಾರ್ಡಿನಲ್ಲಿ, ಕಾಲು ಮೇಲೆ ಕಟ್ಟಿಸಿಕೊಂಡವರ ನಡುವೆ ಮಂಚ ಸಿಕ್ಕಿತ್ತು.

"ಜ್ವರ ಇಳದೈತಿ. ಸಂಜಿಗೆ ಬಿಡ್ತೀವಿ. ಬ್ಯಾರೆ ತ್ರಾಸೇನರ ಐತ್ರಿ?" ವಾರ್ಡಿನ ಡಾಕ್ಟರ್ ಮಯೂರಿ ಕೇಳಿದಳು.

ಕೇಳಿದ ಮೇಲೆ ಮುಚ್ಚಿಡುವುದು ಹೇಗೆ? "ಹೋದ ವರ್ಷ ಕಬ್ಬು ಹೊರುವಾಗ ಎದಿ ಹಿಡದಿತ್ರಿ ಬಾಯಾರ."

"ಫ್ಲೂ ಎದಿಗೂ ಇಳೀತೈತ್ರಿ, ನೋಡೇ ಬಿಡಬೇಕು" ಎಂದಳು. ಹೃದಯದ ಡಾಕ್ಟರು ಬಂದರು. ಅವರ ಮುಂದೆ ಲಗಮಣ್ಣ ಹಳೆಯ ಕೆಮ್ಮನ್ನೂ ಹೇಳಿದ. ಪುಪ್ಪುಸದ ಡಾಕ್ಟರು ಬಂದರು. ಎಳನೀರು ಹಿಡಿದು ಮಾತಾಡಿಸಲು ಬಂದ ನೆರೆಮನೆಯ ದುರಗಪ್ಪ ಸುಮ್ಮನಿದ್ದಾನೆಯೇ? "ಉರಿಮೂತ್ರದ್ದೂ ಹೇಳಲೇ, ನಾಚ್ಕಿ ಯಾಕ!" ಕಿಡ್ನಿ ಡಾಕ್ಟರೂ ಬಂದರು.

ಫೇಟಾದ ಚೀಲ ಹಿಡಿದಿದ್ದ ಹೆಂಡತಿ ಕಸ್ತೂರೆವ್ವ ಹಲ್ಲು ಕಡಿದಳು. "ಇನ್ನ ಯಾರು ಏನ್ ಕೇಳಿದ್ರೂ ಏನಿಲ್ಲ ಅನ್ರಿ!"

ಲಗಮಣ್ಣ ಬಾಯಿಗೆ ಬೀಗ ಹಾಕಿದ. ತಪಾಸಣೆಗಳೆಲ್ಲ ಸರಿ ಬಂದವು. ಐದಕ್ಕೆ ಮಯೂರಿ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಮಾಡಲು ಪೆನ್ನು ತೆಗೆದಳು.

ಆಗಲೇ ಸ್ಟ್ರೆಚರ್ ಒಳಗೆ ಬಂತು. ಅದರ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದವರು ಕಾಕಾಸಾಹೇಬರು! ಅವರಿಗೂ ಫ್ಲೂ, ಸತ್ಕಾರ ರದ್ದಾಗಿತ್ತು. ಪಕ್ಕದ ಮಂಚದಲ್ಲೇ ಮಲಗಿಸಿದರು.

ಲಗಮಣ್ಣನ ಕಣ್ಣು ತುಂಬಿದವು. ಚೀಲದಿಂದ ಫೇಟಾ ತೆಗೆದು ಅಲ್ಲೇ ಅವರ ತಲೆಗೆ ಸುತ್ತಿದ. ಮುದುಕರು ಹಳೆಯ ರೂಢಿಯಂತೆ ಅವನ ಕೈ ಹಿಡಿದು ನಾಡಿ ನೋಡಿದರು. ಐವತ್ತು ವರ್ಷ ಹಿಂದಿನ ಅದೇ ಹಿಡಿತ. ಅವನಿಗೆ ಅಳುವೇ ಬಂತು.

"ಏನ್ ತ್ರಾಸ ಐತಿ ಲಗಮ್ಯಾ?"

ಹೆಂಡತಿ ಕಣ್ಣು ಕೆಕ್ಕರಿಸಿದಳು. "ಏನಿಲ್ರಿ ಸಾಹೇಬ್ರ" ಎಂದ ಲಗಮಣ್ಣ.

ಕಾಕಾಸಾಹೇಬರು ನಕ್ಕು ಮಯೂರಿಯ ಕಡೆ ತಿರುಗಿದರು. "ಸುಳ್ಳ ಹೇಳಾಕತ್ತಾನವ್ವಾ. ಇವನ ಮೈ ನನಗ ಗೊತ್ತಿಲ್ಲೇನು? ಬರಕೋ. ಎಪ್ಪತ್ತೆಂಟರಾಗ ನಿಮೋನಿಯಾ, ಎಂಬತ್ತೊಂದರಾಗ ಹಳದಿ ಕಾಮಣಿ, ಆಮ್ಯಾಲೆ ಮೂರು ಸಲ ತಲಿ ತಿರುಗಿ ಬಿದ್ದಾನ..."

ಮಯೂರಿ ಡಿಸ್ಚಾರ್ಜ್ ಕಾಗದ ಮಡಚಿಟ್ಟು ಹೊಸ ಹಾಳೆ ತೆಗೆದಳು.