ಬಂದ್ ದಿನ ಬಾರು ತೋರಿಸಿದ ಕಾಕಾ

ಜಪಾನಿನ ಮನುಷ್ಯನೊಬ್ಬನನ್ನು ನಮಸ್ಕಾರದಲ್ಲಿ ಸೋಲಿಸಿದ ಕೀರ್ತಿ ಇಡೀ ತಾಂಡೂರಿನಲ್ಲಿ, ಬೇಕಾದರೆ ಜಹೀರಾಬಾದು ನಾರಾಯಣಖೇಡಗಳನ್ನೂ ಸೇರಿಸಿಕೊಳ್ಳಿ, ನಮ್ಮ ಕಾಕಾ ಒಬ್ಬನಿಗೇ ಸಲ್ಲಬೇಕು. ನಂಬುವುದಿಲ್ಲವೆ? ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಹಂತದಲ್ಲಿ ಇಬ್ಬರ ತಲೆಗಳೂ ನೆಲಕ್ಕೆ ಎಷ್ಟು ಹತ್ತಿರ ಬಂದಿದ್ದವೆಂದರೆ, ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆಂದು ತಿಳಿದು ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ತಾನೂ ಬಗ್ಗಿ ಹುಡುಕತೊಡಗಿದ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಮದುವೆಯಾಗದೆ ನಮ್ಮ ಜೊತೆಗೇ ಇದ್ದ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ತೆಲುಗು, ಉರ್ದು, ಕನ್ನಡ ಮೂರರಲ್ಲೂ ಬರೆಯುತ್ತಿದ್ದ. ಮೂರರಲ್ಲೂ ಕಾಗುಣಿತ ಮಾತ್ರ ಅವನ ಸ್ವಂತದ್ದು. ತಪ್ಪು ತೋರಿಸಿದರೆ, "ನಿನಗ ಓದಾಕ ಬಂತಿಲ್ಲೋ? ಮತ್ತೇನ್ ಬೇಕು?" ಎನ್ನುತ್ತಿದ್ದ. ತೆಲಂಗಾಣದ ಗದ್ದಲ ಜೋರಾಗಿದ್ದ ವರ್ಷಗಳವು. ಬೋರ್ಡುಗಳಲ್ಲಿದ್ದ ‘ಆಂಧ್ರ’ವನ್ನು ಅಳಿಸಿ ‘ತೆಲಂಗಾಣ’ ಬರೆಸಿಕೊಳ್ಳಲು ಜನ ಸರದಿ ನಿಂತಿದ್ದರು. ತೊಂದರೆ ಏನೆಂದರೆ, ಎರಡಕ್ಷರದ ಜಾಗದಲ್ಲಿ ನಾಲ್ಕಕ್ಷರ ಕೂರಬೇಕಲ್ಲ! ಒಂದು ಊಟದ ಹೋಟೆಲಿಗೆ ಕಾಕಾ ಮೇಲಿನ ಸಾಲಿನಲ್ಲಿ ‘ತೆಲಂ’ ಎಂದೂ ಕೆಳಗೆ ‘ಗಾಣ ಮೀಲ್ಸ್’ ಎಂದೂ ಬರೆದ. ಗಡಿಯಾಚೆಯ ಸೇಡಂ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳು ಡಬ್ಬಿ ಹಿಡಿದು ಒಳಗೆ ಹೋಗಿ, "ಕುಸುಬಿ ಎಣ್ಣಿ ಅದೇನ್ರಿ?" ಎಂದು ಕೇಳಿದಳಂತೆ.

ನಾನು ಆಗ ಕರಣಕೋಟ ರಸ್ತೆಯ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತ. ನಮ್ಮ ಕಲ್ಲನ್ನು ನೋಡಲು ಜಪಾನಿನಿಂದ ಒಬ್ಬರು ಬಂದರು. ಅರವತ್ತು ದಾಟಿದ, ಸಣ್ಣ ಆಳಿನ, ಬಲು ಸಭ್ಯ ಮನುಷ್ಯ. ಒಂದು ಕೈಯಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ಗುಬ್ಬಿಯಷ್ಟು ಸಣ್ಣ ಸುತ್ತಿಗೆ. ಪ್ರತಿ ಚಪ್ಪಡಿಯನ್ನೂ ಟಣ್ ಎಂದು ತಟ್ಟಿ, ಕಿವಿಯಿಟ್ಟು ಕೇಳಿ, ತಲೆದೂಗುತ್ತಿದ್ದರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಬಡವಾಗಿದ್ದರಿಂದ ನಮ್ಮಿಬ್ಬರಿಗೂ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು. ದಿನವಿಡೀ ಅವರು ನನ್ನಿಂದ ಕಲಿತ ಒಂದೇ ಕನ್ನಡ ಪದ ‘ಕಲ್ಲು’. ಇದರಿಂದ ಮುಂದೆ ಆಗಲಿರುವ ಅನಾಹುತ ನನಗೇನು ಗೊತ್ತು?

ಸಂಜೆ ಅವರು ಹೈದರಾಬಾದಿಗೆ ಹೊರಡಬೇಕಿತ್ತು. ಅಂದೇ ಬಂದ್! ಹೆದ್ದಾರಿಗೆ ಅಡ್ಡಲಾಗಿ ಜನ ಕೂತಿದ್ದರು. ಹೈದರಾಬಾದಿನಲ್ಲಿದ್ದ ನಮ್ಮ ಸೇಠರು ಫೋನು ಮಾಡಿ, "ಇವತ್ತೊಂದಿನ ಅವ್ರನ್ನ ಖುಷಿಯಾಗಿಡು. ಆರ್ಡರ್ ತಪ್ಪಿದ್ರ ಮಷೀನ್ ನಿಲ್ತದ, ಮಷೀನ್ ನಿಂತ್ರ ನೀನೂ ನಿಂತಿ" ಎಂದರು. ಏನು ಬೇಕೆಂದು ಅತಿಥಿಯನ್ನೇ ಕೇಳಿದೆ. ತಮ್ಮೂರಿನ ಓಣಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಬಾರುಗಳಿವೆಯಂತೆ. ಸಂಜೆಯಾದರೆ ಒಂದರಲ್ಲಿ ಒಂದು ಬಟ್ಟಲು ಕುಡಿದು ಒಂದು ತಿನಿಸು ತಿಂದು, ಎದ್ದು ಇನ್ನೊಂದಕ್ಕೆ ನಡೆಯುವುದಂತೆ. ಹಾಗೆ ಇಲ್ಲೂ ನಡೆದಾಡಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಊರಿನ ಬಾರುಗಳೆಲ್ಲ ಶಟರ್ ಎಳೆದು ಬೀಗ ಜಡಿದುಕೊಂಡಿದ್ದವು. ಕಾಕಾನ ಹತ್ತಿರ ಓಡಿದೆ.

"ಬಾರ್ ಎಲ್ಲಾ ಬಂದ್ ಅವ ಕಾಕಾ!"

"ಬಂದ್ ಇದ್ರ ಏನಾತು? ತಾಜಮಹಲ್ ನೋಡಾಕ ಹೋದವ್ರು ಒಳಗ ಮಕ್ಕೋತಾರೇನು? ಹೊರಗ ನಿಂತು ನೋಡಿ ಬರ್ತಾರ. ನಡಿ, ನಾ ತೋರಿಸ್ತೀನಿ."

ಚಹಾವನ್ನೂ ಕುಡಿಯದ ಮನುಷ್ಯ ಹೇಳಿದ ಮಾತಿದು!

ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಎಳೆದುಕೊಂಡು ಕಾಕಾ ಕಾರ್ಖಾನೆಯ ಗೇಟಿಗೆ ಬಂದ. ಅತಿಥಿ ಸೊಂಟದವರೆಗೆ ಬಗ್ಗಿದರು. ಕಾಕಾ "ಶರಣು" ಎಂದು ಮೊಣಕಾಲಿನವರೆಗೆ ಬಗ್ಗಿದ. ಅವರು ಮರ್ಯಾದೆಗೆ ಇನ್ನೂ ಬಗ್ಗಿದರು. ಕಾಕಾ ಬಿಟ್ಟಾನೆಯೇ? ಬಗ್ಗಿದವನು ಏಳಲೇ ಇಲ್ಲ. ಕೊನೆಗೆ ಅತಿಥಿಯೇ ಸೋತು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಭಾಳ ಸಂಸ್ಕಾರದ ಮನಷ್ಯಾ" ಎಂದು ಮೆಚ್ಚಿದ ಕಾಕಾ ಅವರಿಗೆ ಅಲ್ಲೇ ‘ಜಪಾನಪ್ಪ’ ಎಂದು ನಾಮಕರಣ ಮಾಡಿದ. ನನಗೂ ಅವರ ಹೆಸರು ನಾಲಿಗೆಗೆ ಹೊರಳದ್ದರಿಂದ ಅದೇ ಉಳಿಯಿತು.

ಮೊದಲನೆಯ ಬಾರು ಬಂತು. ಕಾಕಾ ಶಟರಿನ ಮುಂದೆ ಕೈಕಟ್ಟಿ ನಿಂತು, ಮೇಲಿನ ಬೋರ್ಡಿನಲ್ಲಿ ತಾನೇ ಬರೆದ ಅಕ್ಷರಗಳನ್ನು ಒಂದೊಂದಾಗಿ ತೋರಿಸತೊಡಗಿದ. ಗಟ್ಟಿಯಾಗಿ ನಿಧಾನವಾಗಿ ಹೇಳಿದರೆ ಜಗತ್ತಿನಲ್ಲಿ ಯಾರಿಗಾದರೂ ನಮ್ಮ ಮಾತು ತಿಳಿದೇ ತಿಳಿಯುತ್ತದೆ ಎಂಬುದು ಅವನ ನಂಬಿಕೆ. "ಈ ಗೀಟು ನೋಡ್ರೀ! ಒಂದ… ಉಸುರಿನ್ಯಾಗ… ಎಳದೀನಿ!" ವಿಚಿತ್ರವೆಂದರೆ ಜಪಾನಪ್ಪನಿಗೆ ತಿಳಿಯಿತು! ಕುಂಚ ಎಲ್ಲಿ ಇಳಿದಿದೆ, ಎಲ್ಲಿ ಎದ್ದಿದೆ ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಅವರ ದೇಶದಲ್ಲೂ ಕುಂಚದಿಂದಲೇ ಬರೆಯುತ್ತಾರಂತೆ. ಕಾಕಾನ ಎದೆ ಎರಡು ಇಂಚು ಉಬ್ಬಿತು.

ಗದ್ದಲ ಕೇಳಿ ಬಾರಿನ ಮಾಲೀಕನ ಹೆಂಡತಿ ಮಾಳಿಗೆಯಿಂದ ಇಣುಕಿದಳು. "ಅಯ್ಯ, ಪೇಂಟರ್ ಕಾಕಾ! ಪರದೇಶಿ ಮಂದೀನ ಕರ್ಕೊಂಡು ಬಂದು ಓಣ್ಯಾಗ ನಿಂದ್ರಿಸ್ತಾರೇನ್ರಿ? ಮ್ಯಾಲ ಬರ್ರಿ" ಎಂದಳು. ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆಯ ಕಟ್ಟಿನ ಸಾರು. ಜಪಾನಪ್ಪ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಹೀರಿ ಕಣ್ಣು ಮುಚ್ಚಿ, "ಓಯ್‌ಶಿ!" ಎಂದರು. ಬಲು ರುಚಿ ಎಂದು ಅದರ ಅರ್ಥವಂತೆ. ನನಗದು ತಿಳಿದದ್ದು ಮರುದಿನ. ಕಾಕಾ ಮಾತ್ರ ಆಗಲೇ ಅರ್ಥ ಹೇಳಿಬಿಟ್ಟ.

"ಒಯ್ತೀನಿ ಅನ್ನಾಕತ್ಯಾನ. ಕಟ್ಟಿ ಕೊಡವ್ವಾ!"

ಕಟ್ಟಿಕೊಟ್ಟಳು. ಹೊರುವವನು ನಾನು.

ಎರಡನೆಯ ಬಾರಿನ ಹಿತ್ತಿಲಲ್ಲಿ, ಊರಿಗೆಲ್ಲ ಬಜ್ಜಿಗೇ ಹೆಸರಾದ ಅದರ ಮಾಲೀಕ ಬನಿಯನ್ನಿನಲ್ಲಿ ಕೂತು ಬಂದ್‌ನ ಬಿಡುವಿಗೆ ಮನೆಮಂದಿಗೆಲ್ಲ ಮಿರ್ಚಿ ಬಜ್ಜಿ ಕರಿಯುತ್ತಿದ್ದ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳುವುದನ್ನು ಕಂಡದ್ದೇ ಜಪಾನಪ್ಪ ಮಗುವಿನಂತೆ ಕುಣಿದು "ತೆಂಪುರಾ! ತೆಂಪುರಾ!" ಎಂದು ಕೂಗಿದರು. ಅವರ ದೇಶದ ಬಜ್ಜಿಗೆ ಹಾಗೆನ್ನುತ್ತಾರಂತೆ. "ತಂಬೂರಿ? ಭಜನಿ ಮಾಡ್ತಾನಂತೇನು?" ಎಂದು ಗಾಬರಿಯಾದ ಮಾಲೀಕ ಪಕ್ಕದ ಮನೆಯಿಂದ ನಿಜಕ್ಕೂ ಒಂದು ತಂಬೂರಿ ತರಿಸಿದ. ಅಷ್ಟರಲ್ಲಿ ಜಪಾನಪ್ಪ ಇಡೀ ಮೆಣಸಿನಕಾಯಿ ಕಚ್ಚಿಯಾಗಿತ್ತು. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಧಾರೆ. ಆದರೂ ಆ ಸಭ್ಯ ಮನುಷ್ಯ ಬಾಯಿ ಬಿಟ್ಟು ಹೇಳಿದ್ದು ಒಂದೇ ಮಾತು: "ಓಯ್… ಶಿ…"

"ಇದನ್ನೂ ಒಯ್ತಾನಂತ" ಎಂದ ಕಾಕಾ. ಎರಡನೆಯ ಕಟ್ಟು.

ಮೂರನೆಯದು ಈಚಲ ಕಳ್ಳಿನ ಅಂಗಡಿ. ತೆಲುಗಿನಲ್ಲಿ ಕಳ್ಳಿಗೆ ‘ಕಲ್ಲು’ ಎನ್ನುತ್ತಾರೆಂಬುದನ್ನು ನಾನು ಮರೆತಿದ್ದೆ. ಗೇಟಿನ ಬಳಿ ಕಾಕಾ "ಇದು ಕಲ್ಲು ದುಕಾನ್!" ಎಂದು ಘೋಷಿಸಿದ್ದೇ ತಡ, ಜಪಾನಪ್ಪನಿಗೆ ಮೈಯೆಲ್ಲ ಕಸುಬು ಏರಿತು. ಬೆಳಗಿನಿಂದ ಕಲಿತ ಪದವಲ್ಲವೆ? ಜೇಬಿನಿಂದ ಸುತ್ತಿಗೆ ತೆಗೆದರು, ಸಾಲಾಗಿಟ್ಟಿದ್ದ ಗಡಿಗೆಗಳತ್ತ ನಡೆದರು, ನಾನು ಕೂಗುವಷ್ಟರಲ್ಲಿ ಮೊದಲನೆಯದನ್ನು ಟಣ್ ಎಂದು ತಟ್ಟಿ ಕಿವಿಯಿಟ್ಟರು. ಹಳೆಯ ಗಡಿಗೆ. ಸಣ್ಣಗೆ ಬಿರುಕು ಬಿಟ್ಟು ಬಿಳಿ ಧಾರೆ ಸೋರತೊಡಗಿತು. ಜಪಾನಪ್ಪ ಗಾಬರಿಯಾಗಿ ಅಂಗಡಿಯ ಅಜ್ಜಿಗೆ ಬಗ್ಗಿ ಬಗ್ಗಿ ಕ್ಷಮೆ ಕೇಳತೊಡಗಿದರು. ಕಾಕಾ ಅರಚಿದ: "ಬಗ್ಗಬ್ಯಾಡ್ರೀ, ಕುಡೀರಿ!"

ಕುಡಿದೆವು. ಅಂದರೆ ಜಪಾನಪ್ಪ, ನಾನು, ಅಜ್ಜಿ. ಕಾಕಾ ಬೊಗಸೆ ಒಡ್ಡಿ ಬಿರುಕು ಹಿಡಿದುಕೊಂಡು ನಿಂತಿದ್ದ, ಅಷ್ಟೆ.

"ಬಂದ್ ದಿನ ಕಳ್ಳು ಇಳಿಸೀರಲ್ಲ ಆಯಿ?" ಎಂದೆ.

"ಬಂದ್ ಅದ ಅಂತ ಈಚಲಮರಕ್ಕ ಯಾರ್ ಹೇಳ್ಯಾರಪ್ಪಾ?" ಎಂದಳು ಅಜ್ಜಿ.

ಅಲ್ಲಿಂದ ಹೆದ್ದಾರಿಗೆ ಬಂದರೆ ನಡುರಸ್ತೆಯಲ್ಲೇ ಒಲೆ! ಚಳವಳಿಯವರು ರಸ್ತೆ ತಡೆದು ಅಲ್ಲೇ ಅಡಿಗೆ ಮಾಡಿ ಅಲ್ಲೇ ಉಣ್ಣುತ್ತಿದ್ದ ಕಾಲವದು. ಗುಲಾಬಿ ಶಾಲು ಹೊದ್ದ ಹುಡುಗರು ನಮ್ಮನ್ನು ಅಡ್ಡಗಟ್ಟಿದರು. ಜಪಾನಪ್ಪನನ್ನು ನೋಡಿ ಒಬ್ಬ ಮೈಕಿನಲ್ಲಿ "ಜೈ ತೆಲಂಗಾಣ!" ಎಂದ. ತಿರುಗಿ ಹೇಳಲೇಬೇಕು, ಇಲ್ಲವಾದರೆ ಮುಂದಕ್ಕೆ ದಾರಿಯಿಲ್ಲ. ಜಪಾನಪ್ಪ ನನ್ನ ಮುಖ ನೋಡಿದರು. ನಾನು ಹೂಂ ಎಂದು ಸನ್ನೆ ಮಾಡಿದೆ. ಅವರ ಭಾಷೆಯಲ್ಲಿ ಹೂಂ ಎನ್ನಲು ‘ಹೈ’ ಎನ್ನುತ್ತಾರೆ. ನೆಟ್ಟಗೆ ನಿಂತು ಎದೆ ತುಂಬ ಉಸಿರೆಳೆದು ಕೂಗಿದರು:

"ತೆಲಂಗಾಣ… ಹೈ!"

ಉರ್ದು ಬಲ್ಲ ಜನ, ಅವರಿಗೆ ‘ತೆಲಂಗಾಣ ಇದೆ’ ಎಂದೇ ಕೇಳಿಸಿತು. ಶಿಳ್ಳೆ, ಚಪ್ಪಾಳೆ! "ಜಪಾನ್ ಒಪ್ಕೊಂಡದ! ಇನ್ನ ದಿಲ್ಲಿಗೇನ್ ಧಾಡಿ?" ಎಂದು ಮೈಕಿನವನು ಕೂಗಿದ. ಅತಿಥಿಯನ್ನು ಡಾಂಬರಿನ ಮೇಲೆ ಪತ್ರಾವಳಿ ಹಾಕಿ ಕೂರಿಸಿದರು. ನಾನು ಹೊತ್ತ ಕಟ್ಟುಗಳೂ ಅಲ್ಲೇ ಬಿಚ್ಚಿಕೊಂಡವು. ಸುತ್ತ ಕೂತ ನೂರು ಜನರ ನಡುವೆ ಜಪಾನಪ್ಪ ಅನ್ನ ಕಲಸಿ ಕೈಯಲ್ಲಿ ಮುದ್ದೆ ಕಟ್ಟಿ ತೋರಿಸಿದರು. ಅವರಮ್ಮ ಹಾಗೆ ಕಟ್ಟಿಕೊಡುತ್ತಿದ್ದರಂತೆ. "ನಮ್ಮವ್ವನೂ ಬುತ್ತಿ ಹಂಗ ಕಟ್ತಿದ್ಲು" ಎಂದು ಕೊಹೀರಿನ ಮುದುಕನೊಬ್ಬ ತಾನೂ ಕಟ್ಟಿದ. ಹತ್ತು ನಿಮಿಷದಲ್ಲಿ ಅರ್ಧ ಚಳವಳಿ ಅನ್ನದ ಉಂಡೆ ಕಟ್ಟುತ್ತ ಕೂತಿತ್ತು.

ಆರ್ಡರು ಬಂತೇ ಎಂದು ಕೇಳುತ್ತೀರಿ. ಬಂತು. ಮಷೀನೂ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಆದರೆ ಅಂದಿನ ಸಂಜೆ ಅಲ್ಲಿಗೇ ಮುಗಿಯಲಿಲ್ಲ.

ಅತಿಥಿಯನ್ನು ಲಾಡ್ಜಿಗೆ ಬಿಟ್ಟು ರೈಲು ಗೇಟಿನ ಕಡೆಯಿಂದ ಮನೆಗೆ ಬರುತ್ತಿದ್ದೆವು. ಅಲ್ಲಿ ಒಂದು ಹಳೆಯ ಸಣ್ಣ ಬಾರು. ಮುಚ್ಚಿದ ಬಾಗಿಲ ಮುಂದಿನ ಕಟ್ಟೆಯಲ್ಲಿ ಅದರ ಮುದಿ ಮಾಲೀಕರು ಗಾಳಿಗೆ ಕೂತಿದ್ದರು. ಕಾಕಾ ತಲೆ ತಗ್ಗಿಸಿ ದಾಟಿ ಹೋಗಲು ನೋಡಿದ. ಅವರು ಬಿಡಲಿಲ್ಲ.

"ಏ ಪೇಂಟರ್, ಯಾಕ್ ಓಡಾಕತ್ತಿ? ಈ ಹುಡುಗ ಯಾರು? ನಿಮ್ಮಣ್ಣನ ಮಗಾ ಅಲ್ಲ? ಮೂಗು ಹಂಗಾ ಅದ ನೋಡು." ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಿಮ್ಮ ಕಾಕಾಗ ಆಗ ಇನ್ನಾ ಮೀಸಿ ಸೈತ ಬಂದಿದ್ದಿಲ್ಲಪ್ಪಾ. ದಿನಾ ಸಂಜಿಗಿ ನಿಮ್ಮಪ್ಪನ್ನ ಹುಡಿಕ್ಕೋತ ಬರ್ತಿದ್ದ. ಮೊದಲ ಆ ಮಾಳಗಿ ಮನೀ ಬಾರು, ಆಮ್ಯಾಲ ಆ ಬಜ್ಜಿಯವಂದು, ಆಮ್ಯಾಲ ಕಲ್ಲು ದುಕಾನ್, ಕಡೀಕ ನಮ್ಮದು. ಒಂದಿನಾನೂ ಜಗಳ ಮಾಡ್ಲಿಲ್ಲ, ಕೈ ಹಿಡ್ದು ಎಳೀಲಿಲ್ಲ. ಬಾಜೂಕ ಕುಂತು ಗ್ಲಾಸ್ ಖಾಲಿ ಆಗೋತನಕ ಕಾಯ್ತಿದ್ದ. ಆಮ್ಯಾಲ ಆ ನಳದ ಹತ್ರ ಒಯ್ದು ಸಾಬೂನು ಹಚ್ಚಿ ಮಾರಿ ತೊಳೀತಿದ್ದ, ಅಂಗಿ ಗುಂಡಿ ಹಾಕ್ತಿದ್ದ, ತಲಿ ಬಾಚ್ತಿದ್ದ. ‘ಮಕ್ಳು ಇನ್ನಾ ಎದ್ದಿರ್ತಾವ’ ಅಂತಿದ್ದ."

ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅವನ ನೆನಪು ನನಗಿರುವುದು ಒಂದೇ ರೂಪದಲ್ಲಿ: ಸಂಜೆ ಹೊಸ್ತಿಲಲ್ಲಿ ನಿಂತ, ಮುಖ ತೊಳೆದ, ಒದ್ದೆ ತಲೆ ಬಾಚಿದ, ಸಾಬೂನಿನ ವಾಸನೆಯ ಎತ್ತರದ ಗಂಡಸು. ಎಲ್ಲರ ಅಪ್ಪಂದಿರೂ ಬೆವರಿಕೊಂಡು ಬರುತ್ತಾರೆ, ನಮ್ಮಪ್ಪ ಮಾತ್ರ ತೊಳೆದಿಟ್ಟಂತೆ ಬರುತ್ತಾನೆ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ.

ಎದ್ದು ಗೇಟು ದಾಟಿದೆವು. ಕಾಕಾ ಉಗುರಿಗಂಟಿದ ಬಣ್ಣ ಕೆರೆಯುತ್ತ ನಡೆದಿದ್ದ.

"ನನಗ್ಯಾಕ ಹೇಳ್ಲಿಲ್ಲ ಕಾಕಾ?"

"ಏನಂತ ಹೇಳ್ಲಿ? ನಿಮ್ಮಪ್ಪ ದಿನಾ ಮನೀಗಿ ಬಂದಾನ. ನಿಮಗ ಅಷ್ಟು ಗೊತ್ತಿದ್ರ ಸಾಕಿತ್ತು." ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದ: "ಬೈತಲಿ ಮಾತ್ರ ಒಂದಿನಾನೂ ಸೀದಾ ಬರ್ಲಿಲ್ಲ ನೋಡು. ಸುಮ್ಮನ ನಿಂದರ್ತಿದ್ದಿಲ್ಲ ಆ ಮನಷ್ಯಾ, ತಲಿ ಅಲ್ಲಾಡಿಸ್ತಿದ್ದ."

ನನಗೆ ನಗು ಬಂತು. ನಗು ನಿಂತ ಮೇಲೆ ನೋಡಿಕೊಂಡರೆ, ಇಪ್ಪತ್ತಾರು ವರ್ಷದ ಗಂಡಸು ನಾನು, ಕಾಕಾನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದೆ. ಅವನೂ ಬಿಡಿಸಿಕೊಳ್ಳಲಿಲ್ಲ.