ಜೋಜಮ್ಮ ಎಲ್ಲರನ್ನೂ ಮಲಗಿಸಿದಳು

"ನೋಡಮ್ಮ ಶಶಿ, ಇವಳೇ ಜೋಜಮ್ಮ!" ಎನ್ನುತ್ತಾ ನಮ್ಮ ಮಾವ ರೇಣುಕಪ್ಪನವರು ನಡುಮನೆಯಲ್ಲಿ ಹಳೆಯ ಬೆಡ್‌ಶೀಟೊಂದನ್ನು ಸರ್ರನೆ ಎಳೆದರು.

ಒಳಗಿದ್ದದ್ದು ನಮ್ಮ ಕೆಟ್ಟುಹೋದ ಏರ್ ಕೂಲರ್! ಅದಕ್ಕೆ ಚಕ್ರಗಳು, ನಾಲ್ಕು ರಬ್ಬರ್ ಕೈಗಳು, ನೆತ್ತಿಯ ಮೇಲೆ ಎರಡು ಕ್ಯಾಮೆರಾ ಕಣ್ಣುಗಳು. ಹೊಟ್ಟೆಗೆ ಅತ್ತೆಯ ಹಳೆಯ ಕೌದಿ ಸುತ್ತಿತ್ತು. ಮುಟ್ಟಿದರೆ ಅಜ್ಜಿಯ ಮಡಿಲಿನಂತೆ ಬೆಚ್ಚಗಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಮಾವ ಸುಮ್ಮನೆ ಕೂತ ದಿನವಿಲ್ಲ, ನಾವು ನೆಮ್ಮದಿಯಾಗಿದ್ದ ದಿನವೂ ಇಲ್ಲ. ಅವರ ದೋಸೆ ತಿರುವುವ ಯಂತ್ರ ಮೊದಲ ದೋಸೆಯನ್ನೇ ಎದುರುಮನೆಯ ತಾರಸಿಗೆ ಎಸೆದಿತ್ತು. ಅಂದಿನಿಂದ ಮಾವ ಸ್ಕ್ರೂಡ್ರೈವರ್ ಹಿಡಿದರೆಂದರೆ ಬೀದಿಯವರು ಒಣಗಲು ಹಾಕಿದ ಬಟ್ಟೆಗಳನ್ನು ಒಳಗೆ ಎಳೆದುಕೊಳ್ಳುತ್ತಾರೆ.

"ಮಗೂನ ಮಲಗಿಸೋದು ಒಂದು ಶಾಸ್ತ್ರ ಕಣಮ್ಮ," ಮಾವ ಎದೆ ಉಬ್ಬಿಸಿದರು. "ದಿನಾ ಅದೇ ಹೊತ್ತು, ಅದೇ ಕ್ರಮ. ದೀಪ ಸಣ್ಣದು ಮಾಡೋದು, ಕೈಕಾಲು ಒರೆಸೋದು, ಪೌಡರು, ಹಾಲು, ಆಮೇಲೆ ಮೆಲ್ಲಗೆ ತಟ್ಟೋದು. ನಿಮಗ್ಯಾರಿಗೂ ಆ ಶಿಸ್ತಿಲ್ಲ. ಜೋಜಮ್ಮಂಗಿದೆ!"

"ಶಿಸ್ತೋ ಗಿಸ್ತೋ, ಇವತ್ತು ಇವಳು ಮಲಗಲೇಬೇಕು ಮಾವ! ಇಲ್ಲದಿದ್ರೆ ನನ್ನ ಕತೆ ಮುಗೀತು."

ನಾನು ಬ್ಲೌಸ್ ಹೊಲಿಯುವವಳು. ಹಿಂದಿನ ಬೀದಿಯ ಕಾತ್ಯಾಯಿನಮ್ಮನ ಮಗಳಿಗೆ ಮರುದಿನವೇ ಮುಹೂರ್ತ. ಆಯಮ್ಮ ತೋಳಿನ ಡಿಸೈನನ್ನು ಮೂರು ಸಲ ಬದಲಾಯಿಸಿ, ಧಾರೆ ಬ್ಲೌಸಿನ ಒಂದು ತೋಳು ಇನ್ನೂ ಬಾಕಿ ಉಳಿಸಿದ್ದರು. ಬೆಳಿಗ್ಗೆಯೇ ಬಂದು ಒಯ್ಯುತ್ತಾರೆ. ಕೊಡದಿದ್ದರೆ ತುಮಕೂರಿನಲ್ಲಿ ಇನ್ಯಾರೂ ನನ್ನ ಬಾಗಿಲಿಗೆ ಬಟ್ಟೆ ತರುವುದಿಲ್ಲ. ಆದರೆ ನನ್ನ ಮಗಳು ಇಂಪನ ಎಚ್ಚರವಿರುವಾಗ ಆ ತೋಳಿಗೆ ಕೂರಿಸುವ ಮಣಿಗಳ ಡಬ್ಬಿ ತೆಗೆಯುವಂತಿಲ್ಲ. ಹೊಳೆಯುವುದೆಲ್ಲ ಅವಳ ಬಾಯಿಗೇ! ಎರಡೂವರೆ ವರ್ಷದ ಆ ಮಹಾತಾಯಿ ಮನೆಯವರೆಲ್ಲ ಸುಸ್ತಾಗಿ ಬಿದ್ದರೂ ಕಣ್ಣು ಮುಚ್ಚುವುದಿಲ್ಲ.

"ಇದಕ್ಕೆ ಯಾರು ಕಲಿಸಿದ್ದು ಮಾವ?"

"ಯಾರೂ ಕಲಿಸಬೇಕಿಲ್ಲ! ಒಂದು ವಾರದಿಂದ ಮಲಗೋ ಕೋಣೆ ಮೂಲೇಲಿ ನಿಂತು ಈ ಬೆಡ್‌ಶೀಟ್ ಸಂದಿಯಿಂದ ನಮ್ಮನ್ನೇ ನೋಡಿ ಕಲಿತಿದೆ."

ನಮ್ಮನ್ನಾ?

ಮಾವ ಪ್ಲಗ್ ಕಿತ್ತರು. ವಾರವಿಡೀ ಕರೆಂಟು ಕುಡಿದ ಬ್ಯಾಟರಿ ಅದರ ಹೊಟ್ಟೆಯಲ್ಲಿತ್ತು. ಜೋಜಮ್ಮ ಗುಂಯ್ ಎಂದು ಎದ್ದಳು. ತಾನಾಗಿಯೇ ಹೋಗಿ ದೀಪ ಸಣ್ಣದು ಮಾಡಿದಳು. ಅತ್ತೆ ಕೆನ್ನೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ಎಷ್ಟು ಜಾಣೆ!" ಎಂದರು. ಜೋಜಮ್ಮ ಇಂಪನಳ ಮುಂದೆ ಬಂದು ನಿಂತು, ಅವಳನ್ನು ಮೇಲಿಂದ ಕೆಳಗೆ ನೋಡಿ, ತಲೆಬಾಗಿ ಒಂದು ನಮಸ್ಕಾರ ಮಾಡಿದಳು. ಆಮೇಲೆ ಗರ್ರನೆ ತಿರುಗಿ ಸೋಫಾದಲ್ಲಿ ಕೂತಿದ್ದ ನನ್ನ ಗಂಡನನ್ನು ಎತ್ತಿಕೊಂಡಳು!

"ಏಯ್! ಅಪ್ಪಾ! ನಾನಲ್ಲ, ಮಗು ಅಲ್ಲಿದೆ!"

ಒದ್ದೆ ಬಟ್ಟೆ ಅವರ ಮುಖ ಒರೆಸಿತು. ಪೌಡರು ಬಿತ್ತು. ಬಾಯಿಗೆ ಹಾಲಿನ ಬಾಟಲಿ ಹೊಕ್ಕಿತು. ನಾಲ್ಕನೆಯ ಕೈ ಬೆನ್ನು ತಟ್ಟಿತು. ಎಣ್ಣೆ ಸ್ನಾನ ಮಾಡಿಸಿದ ಕೂಸಿನಂತೆ ಇವರು ಕೌದಿಗೆ ಒರಗಿ ಗೊರಕೆ ಶುರುಮಾಡಿದರು. ನಿಜ ಹೇಳಬೇಕೆಂದರೆ ಇವರನ್ನು ಮಲಗಿಸಲು ಯಂತ್ರವೇನೂ ಬೇಕಿರಲಿಲ್ಲ.

"ಮಾವ, ಏನಿದು?!"

ಮಾವ ಜೋಜಮ್ಮನ ಬೆನ್ನಿನ ಪರದೆ ನೋಡಿ ಚಪ್ಪಾಳೆ ತಟ್ಟಿದರು. "ತಪ್ಪು ಮಾಡಿಲ್ಲ ಕಣಮ್ಮ, ಸರಿಯಾಗೇ ಕಲಿತಿದೆ! ದಿನಾ ನಮ್ಮ ಕೋಣೇಲಿ ಏನಾಗುತ್ತೆ? ಮಗೂನ ಮಲಗಿಸ್ತೀನಿ ಅಂತ ನಿನ್ನ ಗಂಡ ಹೋಗ್ತಾನೆ, ಅವನೇ ನಿದ್ದೆ ಹೋಗ್ತಾನೆ. ಮಗು ಅವನ್ನ ತಟ್ಟುತ್ತೆ, ಹೊದಿಕೆ ಹೊದಿಸುತ್ತೆ, ತನ್ನ ಬಾಟಲಿ ಅವನ ಬಾಯಿಗಿಡುತ್ತೆ. ಆಮೇಲೆ ನಿಮ್ಮತ್ತೆ, ಆಮೇಲೆ ನಾನು. ಮಲಗೋರೆಲ್ಲ ಮಕ್ಕಳು, ಮಲಗಿಸೋಳು ಇಂಪನ! ಜೋಜಮ್ಮಂಗೆ ಅವಳೇ ಗುರು!"

"ನಾನ್ಯಾವಾಗ ನಿದ್ದೆ ಹೋಗ್ತೀನ್ರೀ?" ಎಂದು ಅತ್ತೆ ಜಗಳಕ್ಕೆ ನಿಂತರು. "ಸುಮ್ನೆ ಕಣ್ಣು ಮುಚ್ಕೊಂಡಿರ್ತೀನಿ ಅಷ್ಟೇ!" ಮಾತು ಮುಗಿಯುವಷ್ಟರಲ್ಲಿ ಅವರ ಮುಖಕ್ಕೂ ಪೌಡರು ಬಿದ್ದಿತ್ತು.

"ಸ್ವಿಚ್ ಎಲ್ಲಿ ಮಾವ? ಬೇಗ ಹೇಳಿ!"

"ಸ್ವಿಚ್ ಇಟ್ಟಿಲ್ಲಮ್ಮ, ಮಗು ಒತ್ತಿಬಿಡುತ್ತೆ ಅಂತ. ಎಲ್ರೂ ಮಲಗಿದ ಮೇಲೆ ತಾನೇ ನಿಲ್ಲುತ್ತೆ. ಎಂಥಾ ಸುರಕ್ಷತೆ ನೋ..." ಅಷ್ಟರಲ್ಲಿ ಸಂಶೋಧಕರ ಬಾಯಿಗೂ ಬಾಟಲಿ ಬಂತು.

ಉಳಿದವಳು ನಾನು. ಮಣಿ ಡಬ್ಬಿಯನ್ನು ಬೀರುವಿನ ಮೇಲಕ್ಕೆ ಎಸೆದು, ಬ್ಲೌಸನ್ನು ಎದೆಗೆ ಅವಚಿಕೊಂಡು ಹೊಲಿಗೆ ಯಂತ್ರದ ಸುತ್ತ ಓಡಿದೆ. "ಬೇಡ ಕಣೇ ಜೋಜಮ್ಮ, ನಾಳೆ ಮುಹೂರ್ತ!" ಎಂದು ಅತ್ತೇಬಿಟ್ಟೆ. ಅತ್ತದ್ದೇ ತಪ್ಪಾಯಿತು. ಅಳುವ ಮಗುವಿಗೆ ಅದು ಎರಡು ಕೈ ಹೆಚ್ಚಿಗೆ ಕೊಟ್ಟಿತು. ನನ್ನ ಮಗಳು ಪಕ್ಕದಲ್ಲಿ ನಿಂತು ಬೆರಳು ತೋರಿಸಿ, "ಅಮ್ಮ ತಾಚಿ ಮಾಡು!" ಎಂದು ಗದರಿದ್ದಷ್ಟೇ ನನಗೆ ನೆನಪು.

ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾದಾಗ ಬೆಳಗಾಗಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಮಗಳು ಹುಟ್ಟಿದಾಗಿನಿಂದ ಅಂಥ ಸುಖದ ನಿದ್ದೆ ನಾನು ಮಾಡಿರಲಿಲ್ಲ. ಇಂಪನ ಜೋಜಮ್ಮನ ಮೇಲೆ ಮಲಗಿದ್ದಳು. ಅವಳು ಯಾವಾಗ ಮಲಗಿದಳೆಂದು ಹೇಳಲು ಮನೆಯಲ್ಲಿ ಎಚ್ಚರವಿದ್ದವರು ಯಾರೂ ಇರಲಿಲ್ಲ.

ಬಾಗಿಲಲ್ಲಿ ಕಾತ್ಯಾಯಿನಮ್ಮ! ಒಂದೇ ತೋಳಿನ ಬ್ಲೌಸು ನೋಡಿದ್ದೇ ತಡ, ಬೀದಿಯ ನಾಯಿಗಳೂ ಓಡುವಂತೆ ಕಿರುಚಿದರು. "ಹಾಳಾದೋಳೇ! ಛತ್ರದಲ್ಲಿ ನನ್ನ ಮಗಳನ್ನ ಹೆಂಗೆ ನಿಲ್ಲಿಸಲಿ? ಆ ಬೀಗಿತ್ತಿ ಮೊದಲೇ ಕಾಫಿಗೆ ಸಕ್ಕರೆ ಇಲ್ಲ ಅಂತ ಕುಣೀತಾವಳೆ!"

ಆ ಕಿರುಚಾಟಕ್ಕೆ ಜೋಜಮ್ಮನ ಕಣ್ಣು ಹೊತ್ತಿಕೊಂಡಿತು. ಇಂಪನ ಹೀಗೆ ರಚ್ಚೆ ಹಿಡಿದಾಗ ಅತ್ತೆ ಏನು ಮಾಡುತ್ತಾರೋ ಅದನ್ನೂ ಅದು ಕಲಿತಿತ್ತು. ಮೇಲೆ ಮಲಗಿದ್ದ ಇಂಪನಳನ್ನು ಮೆಲ್ಲಗೆ ಚಾಪೆಗೆ ಇಳಿಸಿ, ಅಡುಗೆಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಕಾತ್ಯಾಯಿನಮ್ಮನ ಮುಖದ ಸುತ್ತ ನಿವಾಳಿಸಿ, ದೃಷ್ಟಿ ತೆಗೆದು, ಉಗುಳಲೆಂದು ಕೈ ಮುಂದೆ ಚಾಚಿತು.

"ಥೂ! ಏನೇ ಇದು ಪೀಡೆ?" ಎಂದರು ಆಯಮ್ಮ.

ಕ್ರಮ ಸರಿಯಾಯಿತು! ಜೋಜಮ್ಮ ತೃಪ್ತಿಯಿಂದ ಪೌಡರ್ ಡಬ್ಬಿ ತೆಗೆದಳು. ನೋಡುನೋಡುತ್ತಿದ್ದಂತೆ ಮದುಮಗಳ ತಾಯಿ ನಮ್ಮ ಜಗಲಿಯ ಮೇಲೆ ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗಿದ್ದರು. ಅವರನ್ನು ಹುಡುಕಿಕೊಂಡು ಬಂದ ತಮ್ಮನೂ ಪಕ್ಕದಲ್ಲೇ ಒರಗಿದರು. ತಮ್ಮನನ್ನು ಕರೆಯಲು ಬಂದ ಫೋಟೋದವನು ಕ್ಯಾಮೆರಾ ತಬ್ಬಿಕೊಂಡು ಗೊರಕೆ ಹೊಡೆದ.

ನಾನು ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಬೈಯುವವರೆಲ್ಲ ಮಲಗಿದ್ದಾರೆ. ಮಗಳೂ ಮಲಗಿದ್ದಾಳೆ. ರಾತ್ರಿಯೆಲ್ಲ ಮಲಗಿ ಎದ್ದ ನನ್ನನ್ನು ಜೋಜಮ್ಮ ಲೆಕ್ಕಕ್ಕೇ ಹಿಡಿದಿಲ್ಲ. ಇಂಥ ಹೊತ್ತು ನನ್ನ ಬಾಳಿನಲ್ಲಿ ಇನ್ನೆಂದು ಬರಬೇಕು? ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಕೂತೆ. ನಿದ್ದೆಯಾದ ಕೈಗೆ ಸೂಜಿ ಹೇಗೆ ಓಡುತ್ತದೆಂಬುದೇ ನನಗೆ ಮರೆತುಹೋಗಿತ್ತು. ತೋಳು ಕೂಡಿತು, ಮಣಿ ಕೂತಿತು, ಹುಕ್ಕೂ ಬಿತ್ತು!

"ಕಾತ್ಯಾಯಿನಮ್ಮ, ಏಳ್ರೀ! ಬ್ಲೌಸ್ ಆಯ್ತು!" ಎಂದು ಅಲುಗಾಡಿಸಲು ಹೋದೆ. ಜೋಜಮ್ಮ ಅಡ್ಡ ಬಂದು, ನನ್ನದೇ ದನಿಯಲ್ಲಿ ಗದರಿದಳು: "ಮಲಗಿದ ಮಗೂನ ಎಬ್ಬಿಸಿದ್ರೆ ನೋಡಿ, ಸುಮ್ನಿರಲ್ಲ!" ವಾರವಿಡೀ ಮನೆಯವರಿಗೆಲ್ಲ ನಾನು ಹೇಳಿದ್ದೇ ಆ ಮಾತು. ಮುಹೂರ್ತದ ಹೊತ್ತು ಹತ್ತಿರವಾಗುತ್ತಿತ್ತು. ತಾಯಿಯಿಲ್ಲದೆ ಧಾರೆ ಹೇಗೆ ನಡೆದೀತು?

ಕೊನೆಗೆ ಎದ್ದವಳು ಗುರುವೇ. ಇಂಪನ ಕಣ್ಣುಜ್ಜಿಕೊಂಡು ಬಂದು ಕಾತ್ಯಾಯಿನಮ್ಮನ ಹೊಟ್ಟೆಯ ಮೇಲೆ ಕೂತು, ಎರಡು ಬೆರಳಿನಿಂದ ಅವರ ರೆಪ್ಪೆ ಎತ್ತಿ, "ಏಳು!" ಎಂದಳು. ಗುರುವಿನ ಮಾತಿಗೆ ಜೋಜಮ್ಮ ದಾರಿಬಿಟ್ಟಳು.

ಆಯಮ್ಮ ಎದ್ದು ಕೂತರು. ಬ್ಲೌಸನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ! "ಮದುವೆ ಗೊತ್ತಾದಾಗಿಂದ ಕಣ್ಣು ಮುಚ್ಚಿರಲಿಲ್ಲ ಕಣೇ ಶಶಿ. ಜೀವ ಹಗುರಾಯ್ತು," ಎಂದವರು ಜೋಜಮ್ಮನನ್ನು ಒಂದು ಥರಾ ನೋಡಿ ದನಿ ತಗ್ಗಿಸಿದರು. "ಇದನ್ನ ಒಂಚೂರು ಛತ್ರಕ್ಕೆ ಕಳಿಸ್ತೀಯೇನೇ? ನಮ್ಮ ಬೀಗಿತ್ತಿಗೆ..."

ಆ ಮದುವೆಯಲ್ಲಿ ಗಂಡಿನ ಕಡೆಯವರು ಮುಖದ ತುಂಬ ಪೌಡರು ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದರು. ಸಕ್ಕರೆಯ ಮಾತಿಲ್ಲ, ಸೀರೆಯ ಮಾತಿಲ್ಲ. ಇಷ್ಟು ಶಾಂತವಾದ ಧಾರೆಯನ್ನು ಪುರೋಹಿತರೇ ಕಂಡಿರಲಿಲ್ಲವಂತೆ! ಛತ್ರದ ಯಜಮಾನರು ಜೋಜಮ್ಮನನ್ನು ವಾಪಸು ಕೊಡಲೇ ಇಲ್ಲ. ಆದರೆ ಅವಳು ಇಂಪನಳ ಮಾತಲ್ಲದೆ ಬೇರೆಯವರ ಮಾತು ಕೇಳುವುದಿಲ್ಲ. ಹೀಗಾಗಿ ಪ್ರತಿ ಮುಹೂರ್ತಕ್ಕೂ ನನ್ನ ಮಗಳಿಗೆ ಕಾರು ಬರುತ್ತದೆ. ಹೋಗುವಾಗ ಮಲಗುತ್ತಾಳೆ, ಬರುವಾಗ ಮಲಗುತ್ತಾಳೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಲ್ಲಿಗೆ ಮೊಗ್ಗಿನ ಹಾಗೆ ಅರಳಿ ಕೂರುತ್ತಾಳೆ.

"ಇವಳನ್ನ ಮಲಗಿಸೋಕೆ ಏನಾದ್ರೂ ಮಾಡಿ ಮಾವ!" ಎಂದು ಮೊನ್ನೆ ಕೈಮುಗಿದೆ.

"ಮಲಗಿಸೋದಾ?" ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಬೆಳಿಗ್ಗೆ ಕೆಲಸಕ್ಕೆ ಹೋಗೋ ಹುಡುಗಿ ಕಣಮ್ಮ. ಎಬ್ಬಿಸೋ ಯಂತ್ರ ಬೇಕಾದ್ರೆ ಮಾಡಿಕೊಡ್ತೀನಿ."